ಉಡದಾರದಲ್ಲಿ ಉಳಿದ ಚಾವಿ

ನನ್ನಪ್ಪ ಸೋಲಾಪುರದ ಕೋರ್ಟಿನಲ್ಲಿ ಕಾರಕೂನ. ಬ್ಯಾಂಕಿನವನಿಗೆ ಕೊಟ್ಟರೆ ಮಗಳು ಹೆದರಿಕೆಯಿಲ್ಲದೆ ಬಾಳುತ್ತಾಳೆಂದು ಲೆಕ್ಕ ಹಾಕಿ ನನ್ನನ್ನು ಅಕ್ಕಲಕೋಟೆಗೆ ಕೊಟ್ಟ. ಬಹಳ ವರ್ಷ ಆ ಲೆಕ್ಕ ಸರಿಯಾಗಿಯೇ ಇತ್ತು. ತೊಂಬತ್ತರ ದಶಕದಲ್ಲಿ ನಮ್ಮನೆಯವರಿಗೆ ವಿಧಾನಸಭೆಯ ಹುಚ್ಚು ಹಿಡಿಯಿತು. ಸಣ್ಣ ಸಹಕಾರಿ ಬ್ಯಾಂಕಿನ ಮ್ಯಾನೇಜರು, ಊರಿಗೆಲ್ಲ ಬೇಕಾದವರು. ನಾಲ್ಕು ಮಂದಿ ಸೇರಿ ಅಟ್ಟಕ್ಕೇರಿಸಿದರು, ಇವರು ಏರಿದರು.

ಒಂದು ಶನಿವಾರ ರಾಜೀನಾಮೆ ಕೊಟ್ಟು, ಕುರ್ಚಿ, ಮೊಹರಿನ ಶಿಕ್ಕಾ, ಕಡತ ಎಲ್ಲವನ್ನೂ ಹೊಸ ಮ್ಯಾನೇಜರಿಗೆ ಒಪ್ಪಿಸಿ ಬಂದರು. ಉಳಿದದ್ದು ತಿಜೋರಿಯ ಚಾವಿ. ತಿಜೋರಿಗೆ ಎರಡು ಚಾವಿ: ಒಂದು ಕ್ಯಾಶಿಯರ್ ಬಳಿ, ಇನ್ನೊಂದು ಮ್ಯಾನೇಜರ್ ಬಳಿ. ಎರಡೂ ಕೂಡದೆ ಬಾಗಿಲು ತೆರೆಯದು. ಇವರು ತಮ್ಮದನ್ನು ಸೊಂಟದ ಉಡದಾರಕ್ಕೆ ಕಟ್ಟಿಕೊಂಡಿದ್ದರು. ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ. ಅದೊಂದು ಅಲ್ಲಿದೆ ಎಂಬುದೇ ಅವರಿಗೆ ಮರೆತುಹೋಗಿತ್ತು. ಹೊಸಬರಾದರೂ ಕೇಳಬಾರದೇ?

ಸೋಮವಾರ ನಸುಕಿನಲ್ಲೇ ಇವರು ಜೀಪು ಹತ್ತಿ ಪ್ರಚಾರಕ್ಕೆ ವಾಗದರಿಗೆ ಹೋದರು. ಬ್ಯಾಂಕು ತೆರೆಯುವ ಹೊತ್ತಿಗೆ ಕ್ಯಾಶಿಯರ್ ಏದುಸಿರು ಬಿಡುತ್ತ ಮನೆಗೆ ಬಂದರು.

"ವೈನಿ, ಸಾಹೇಬ್ರ ಚಾವಿ ಮನ್ಯಾಗ ಐತೇನ್ರಿ?"

"ಅವರ ಸೊಂಟದಾಗ ಐತ್ರಿ."

ಕ್ಯಾಶಿಯರ್ ಹಣೆ ಬಡಿದುಕೊಂಡರು. "ಮಂದಿ ಕೂಡ್ಯಾರ್ರಿ. ಸಾಹೇಬ್ರು ರೊಕ್ಕ ಹೊಡಕೊಂಡು ಸೋಲಾಪುರಕ್ಕ ಓಡ್ಯಾರ ಅನ್ನಾಕತ್ತಾರ."

ಸಾಹೇಬರನ್ನು ಕರೆತರಲು ತಮ್ಮ ಲೂನಾ ಮೊಪೆಡ್ಡಿನ ಮೇಲೆ ವಾಗದರಿ ಕಡೆ ಹೋದರು.  ನಾನು ಮನೆಯ ಬಾಗಿಲು ಹಾಕಿಕೊಂಡು ಕುಳಿತರೆ ಓಡಿಹೋದದ್ದು ನಿಜವೆಂದೇ ಆಗುತ್ತದೆ. ಸೆರಗು ಹೊದ್ದು ಬ್ಯಾಂಕಿಗೆ ನಡೆದೆ.

ಕಟ್ಟೆಯ ಮುಂದೆ ಸಂತೆಯಷ್ಟು ಜನ. ಹಬ್ಬಕ್ಕೆ ನಮ್ಮನೆ ಹೋಳಿಗೆ ತಿಂದವರೂ ನನ್ನನ್ನು ಗುರುತಿಸಲಿಲ್ಲ. ಮೈಂದರ್ಗಿಯ ಒಬ್ಬ ಮುದುಕಿ ಬಂದು ನನ್ನ ಮಣಿಕಟ್ಟು ಹಿಡಿದಳು.

"ಮೊಮ್ಮಗಳ ಲಗ್ನದ ರೊಕ್ಕ ಒಳಗ ಐತಿ. ನಿನ್ನ ಗಂಡ ಬರೂತನಾ ಇಲ್ಲೇ ಕುಂಡ್ರವ್ವ."

ಕುಳಿತೆ. ಅವಳು ಬೈಯಲಿಲ್ಲ, ಕೈಯನ್ನೂ ಬಿಡಲಿಲ್ಲ. "ತಿಲಾ ಸೋಡೂ ನಕಾ," ಅವಳನ್ನು ಬಿಡಬೇಡಿ ಎಂದು ಹಿಂದಿನಿಂದ ಯಾರೋ ಮರಾಠಿಯಲ್ಲಿ ಕೂಗಿದರು. ಒಂದು ಕಲ್ಲು ಬಂದು ಶಟರಿಗೆ ಬಡಿಯಿತು. ಇವರು ಬರದಿದ್ದರೆ ಈ ಜನ ನನ್ನನ್ನು ಏನು ಮಾಡುತ್ತಾರೆ ಎಂಬುದನ್ನು ಬಿಟ್ಟು ಬೇರೇನೂ ತಲೆಗೆ ಬರಲಿಲ್ಲ. ನೀರು ಕೇಳಲೂ ಹೆದರಿದೆ.

ಮಧ್ಯಾಹ್ನ ದಾಟಿದ ಮೇಲೆ ಜೀಪು ಬಂತು. ಇವರ ಮೈತುಂಬ ಧೂಳು, ಕೊರಳಲ್ಲಿ ವಾಗದರಿಯವರು ಹಾಕಿದ ಹಾರ. ಎಲ್ಲರೆದುರಿಗೇ ಅಂಗಿ ಎತ್ತಿ ಉಡದಾರದ ಗಂಟು ಬಿಚ್ಚಿದರು. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ತಿಜೋರಿ ತೆರೆಯಿತು. ಸಾಹೇಬರು ಓಡಿದರೆಂದು ನಾವು ನಂಬಿಯೇ ಇರಲಿಲ್ಲ ಎನ್ನುತ್ತ ಜನ ಚದುರಿದರು. ಮುದುಕಿ ಮಾತ್ರ ತನ್ನ ರೊಕ್ಕ ಇದ್ದಷ್ಟನ್ನೂ ತೆಗೆಸಿ ಸೆರಗಿನಲ್ಲಿ ಗಂಟು ಕಟ್ಟಿಕೊಂಡಳು.

"ತಪ್ಪ ತಿಳಕೋಬ್ಯಾಡ್ರಿ ಸಾಹೇಬ್ರ. ವೋಟ ನಿಮಗ ಹಾಕ್ತೀನಿ. ರೊಕ್ಕ ಮಾತ್ರ ಇಲ್ಲಿ ಇಡಂಗಿಲ್ಲ."

ಇವರು ದೊಡ್ಡದಾಗಿ ನಕ್ಕರು. ವೋಟು ಸಿಕ್ಕಿತಲ್ಲ, ಅಷ್ಟು ಸಾಕಿತ್ತು ಅವರಿಗೆ.

ಗೆದ್ದರು. ಮೈಂದರ್ಗಿಯಲ್ಲಿ ಮೆರವಣಿಗೆ ಮಾಡಿದಾಗ ಅದೇ ಮುದುಕಿ ಗುಂಪು ಸರಿಸಿಕೊಂಡು ನಾವಿಬ್ಬರೂ ಕುಳಿತಿದ್ದ ಜೀಪಿನ ಹತ್ತಿರ ಬಂದಳು. ಕೊಟ್ಟ ಮಾತು ಉಳಿಸಿಕೊಂಡಿದ್ದೇನೆ ಎಂಬಂತೆ ಶಾಯಿ ಹಚ್ಚಿದ ಬೆರಳನ್ನು ನಗುತ್ತ ನನ್ನೆದುರು ಹಿಡಿದಳು. ಮೆರವಣಿಗೆಯವರು ಹಲಗೆವಾದ್ಯ ಜೋರಾಗಿ ಬಡಿಯುತ್ತಿದ್ದರು. ಅಂದು ಅವಳು ಬಿಡದೆ ಹಿಡಿದಿದ್ದ ಕೈಯನ್ನು ನಾನು ಸೆರಗಿನೊಳಗೆ ಎಳೆದುಕೊಂಡೆ.