ಗಾಡಿಯ ಮೂಗು ಕಾಯ್ದ ಮೇಸ್ತ್ರಿ

ಅವರದು ಮುಖಕ್ಕಿಂತ ಒಂದು ಹೆಜ್ಜೆ ಮುಂದೆ ನಡೆಯುವ ಮೂಗು. ಹೊಳ್ಳೆಗಳೊಳಗಿನಿಂದ ನರೆತ ಕೂದಲು ಕುಂಚದ ಹಾಗೆ ಹೊರಗೆ ಇಣುಕುತ್ತಿತ್ತು. ಕತ್ತರಿಸಿಕೊಳ್ಳಿ ಎಂದು ಹೆಂಡತಿ, ಮಗಳು, ಕ್ಷೌರದ ಅಂಗಡಿಯವನು ಮೂವರೂ ಹೇಳಿ ಸೋತಿದ್ದರು. ಬೇಸಿಗೆಯಲ್ಲಿ ಯಾರಾದರೂ "ಗಾಡಿ ಎಳೀತಾ ಇಲ್ಲ ಮೇಸ್ತ್ರಿ" ಅಂತ ಬಂದರೆ ಬಾನೆಟ್ ಎತ್ತುವುದಕ್ಕೂ ಮೊದಲು ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು, ಜೋರಾಗಿ ಮೂಗು ಸೀಟಿ, ಅದನ್ನು ಗಿರಾಕಿಯ ಮುಖದ ಮುಂದೆಯೇ ಹಿಡಿಯುತ್ತಿದ್ದರು.

"ನೋಡಿ. ಬೆಳಿಗ್ಗೆಯಿಂದ ನಾನು ಇಲ್ಲೇ ನಿಂತಿದ್ದೇನೆ, ಎಲ್ಲಿಗೂ ಓಡ್ಲಿಲ್ಲ. ನನ್ನ ಮೂಗೇ ಹೀಗುಂಟು. ನಿಮ್ಮ ಗಾಡೀದು ಹೇಗಿರಬಹುದು?"

ಗಿರಾಕಿ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಏರ್ ಫಿಲ್ಟರ್ ಬದಲಾಯಿಸಲು ಒಪ್ಪಿಕೊಳ್ಳುತ್ತಿದ್ದ.

ಕೊಡಗಿನ ಮೂರ್ನಾಡಿನ ಪೇಟೆ ಮುಗಿದು ಕಾಫಿ ತೋಟ ಶುರುವಾಗುವ ತಿರುವಿನಲ್ಲಿ ಅವರ ವರ್ಕ್‌ಶಾಪ್. ಹಿಂದೆಯೇ ಮನೆ. ಎಳೆಯ ವಯಸ್ಸಿನಲ್ಲಿ ಮಾಕುಟ್ಟದ ಆಚೆಯಿಂದ, ಕೇರಳದಿಂದ ಬಂದು ನೆಲೆ ನಿಂತವರು. ಮಲಯಾಳದ ರಾಗದಲ್ಲಿ ಕನ್ನಡ, ಕನ್ನಡದ ಬೈಗುಳದಲ್ಲಿ ಮಲಯಾಳ. ಎಲ್ಲರಿಗೂ ಅವರು ಮೇಸ್ತ್ರಿ. ನಾನು ಹತ್ತಿರದ ಎಸ್ಟೇಟಿನಲ್ಲಿ ರೈಟರ್. ಈ ಕಡೆ ರೈಟರ್ ಎಂದರೆ ಕಥೆ ಬರೆಯುವವನಲ್ಲ, ಕೆಲಸದವರ ಹಾಜರಿ ಬರೆಯುವವನು. ನನ್ನ ಹತ್ತಿರ ಒಂದು ಹಳೇ ಡೀಸೆಲ್ ಜೀಪಿತ್ತು. ಅದರ ನೆಪದಲ್ಲೇ ನಮ್ಮ ಪರಿಚಯ.

ಏರ್ ಫಿಲ್ಟರ್ ಅನ್ನುವುದು ಅವರಿಗೆ ಬಿಡಿಭಾಗವಲ್ಲ, ವ್ರತ. ಕೆಲವರು ಫಿಲ್ಟರನ್ನು ಟೈರಿಗೆ ಬಡಿದು ಧೂಳು ಉದುರಿಸುತ್ತಾರಲ್ಲ, ಅದನ್ನು ಕಂಡರೆ ಅವರಿಗೆ ಮೈಯೆಲ್ಲಾ ಉರಿ. "ಮಗುವಿಗೆ ಶೀತ ಆದ್ರೆ ಮಗುವನ್ನ ಗೋಡೆಗೆ ಬಡೀತೀರಾ?" ಎಂದು ಕಿತ್ತುಕೊಳ್ಳುತ್ತಿದ್ದರು. ಆಮೇಲೆ ಒಳಗಿನಿಂದ ಹೊರಕ್ಕೆ ಮೆಲ್ಲಗೆ ಗಾಳಿ ಊದಿ, ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಕಾಗದದ ಮಡಿಕೆಗಳನ್ನು ಒಂದೊಂದಾಗಿ ನೋಡುವುದು. ಬೆಳಕು ಮಂಕಾಗಿ ಕಂಡರೆ ಸರಿ. ಚುಕ್ಕಿಯಾಗಿ ಕಂಡರೆ ತೂತು, ಎಸೆಯಬೇಕು. ಏನೂ ಕಾಣದಿದ್ದರೆ ಉಸಿರು ಕಟ್ಟಿದೆ, ಅದನ್ನೂ ಎಸೆಯಬೇಕು. "ಸ್ವಲ್ಪ ಕೊಳೆ ಇದ್ರೆ ಒಳ್ಳೇದೇ, ಧೂಳನ್ನ ಧೂಳೇ ತಡೀತದೆ" ಎಂದೂ ಹೇಳುತ್ತಿದ್ದರು. ಆ 'ಸ್ವಲ್ಪ' ಎಷ್ಟು ಅನ್ನುವುದು ಮಾತ್ರ ಅವರ ಒಂದು ಕಣ್ಣಿಗೇ ಗೊತ್ತು.

ನಮ್ಮಲ್ಲಿ ಗದ್ದೆ ಕೊಯ್ಲಾದ ಮೇಲೆ ಆಟೋಕ್ರಾಸ್ ನಡೆಯುತ್ತದೆ. ಒಣಗಿದ ಗದ್ದೆಯಲ್ಲಿ ಸುತ್ತು ಹಾಕಿ ಕಾರು, ಜೀಪು ಓಡಿಸುವುದು. ಒಂದು ವರ್ಷ ನನ್ನ ಹೆಂಡತಿಯ ತಮ್ಮ, ಊಟಕ್ಕೆ ಕೂತಲ್ಲಿ, "ಭಾವನ ಜೀಪು ಹಾಜರಿ ಪುಸ್ತಕ ಹೊರೋದಕ್ಕೆ ಸರಿ" ಅಂದುಬಿಟ್ಟ. ನಾನು ಆ ವಾರವೇ ಮೊಬೈಲಿನಲ್ಲಿ ಹುಡುಕಿ ರೇಸಿನ ಫಿಲ್ಟರ್ ಒಂದನ್ನು ತರಿಸಿದೆ. ಕೆಂಪಗೆ, ಗೋಪುರದಂತೆ, ನೋಡಲು ಬಹಳ ಚೆಂದ. ಹೆಂಡತಿ ಡಬ್ಬ ಬಿಚ್ಚಿ, "ಇದೆಂತ, ಟೇಬಲ್ ಲ್ಯಾಂಪಾ?" ಎಂದು ಕೇಳಿದಳು.

ಮೇಸ್ತ್ರಿ ಅದನ್ನು ಬಿಸಿಲಿಗೆ ಹಿಡಿದರು. ಕಣ್ಣು ಮುಚ್ಚುವ ಅಗತ್ಯವೇ ಬೀಳಲಿಲ್ಲ.

"ರೈಟರೇ, ಇದರಲ್ಲಿ ಆಚೆ ಕಡೆ ಇರೋ ಕೋಳಿ ಕಾಣ್ತದಲ್ಲ."

"ಗಾಳಿ ಜಾಸ್ತಿ ಹೋಗ್ತದೆ ಮೇಸ್ತ್ರಿ. ಪವರ್ ಬರ್ತದೆ."

"ಬರ್ತದೆ. ಇಲ್ಲ ಅಂತ ನಾನು ಹೇಳ್ಲಿಲ್ಲ. ಬಾಗಿಲು ತೆಗೆದಿಟ್ರೆ ಮನೆಗೆ ಗಾಳಿ ಚೆನ್ನಾಗಿ ಬರ್ತದೆ. ಕಳ್ಳನೂ ಬರ್ತಾನೆ." ಫಿಲ್ಟರನ್ನು ನನ್ನ ಕೈಗೆ ಕೊಡುತ್ತಾ ಹೇಳಿದರು: "ರೇಸಿನ ದಿನ ಹಾಕಿ. ಆಟ ಮುಗಿದ ಕೂಡಲೇ ತೆಗೀರಿ. ಮಾತು ಕೊಡ್ತೀರಾ?"

ಕೊಟ್ಟೆ. ಬಲಗೈ ಚಾಚಿಯೇ ಕೊಟ್ಟೆ.

ರೇಸಿನಲ್ಲಿ ನನಗೆ ಬಹುಮಾನ ಬರಲಿಲ್ಲ. ಆದರೆ ಹೆಂಡತಿಯ ತಮ್ಮನನ್ನು ಹಿಂದೆ ಹಾಕಿದೆ. ಅದಕ್ಕಿಂತ ದೊಡ್ಡ ಬಹುಮಾನ ನನಗೆ ಬೇಕಿರಲಿಲ್ಲ. ಮೇಲಾಗಿ ಆ ಸದ್ದು! ಆಕ್ಸಿಲರೇಟರ್ ಒತ್ತಿದರೆ ಜೀಪು ಹುಲಿಯ ಹಾಗೆ ಉಸಿರೆಳೆಯುತ್ತಿತ್ತು. ನಾಳೆ ತೆಗೆದರಾಯಿತು ಅಂದುಕೊಂಡೆ. ಫೆಬ್ರವರಿ ಹೋಯಿತು. ಕಾಫಿ ಹಣ್ಣಿನ ಪಿಕಿಂಗ್ ಮುಗಿಯುವ ಸಮಯ, ಎಸ್ಟೇಟಿನ ಮಣ್ಣು ರಸ್ತೆಯಲ್ಲಿ ದಿನಕ್ಕೆ ಎಷ್ಟೋ ಸಲ ಓಡಾಟ. ಮುಂದೆ ಟ್ರ್ಯಾಕ್ಟರ್ ಹೋದರೆ ಹಿಂದಿದ್ದ ನನಗೆ ದಾರಿಯೇ ಕಾಣದಷ್ಟು ಕೆಂಧೂಳು. ಆದರೂ ತೆಗೆಯಲಿಲ್ಲ.

ಮೇಸ್ತ್ರಿಯ ಹತ್ತಿರ ಹೋಗಬೇಕಾದಾಗ ಒಂದು ಉಪಾಯ ಮಾಡಿದ್ದೆ. ಅವರ ತಿರುವಿಗೆ ಮೊದಲು ಒಂದು ಬಸ್ ತಂಗುದಾಣವಿದೆ. ಅದರ ಹಿಂದೆ ಜೀಪು ನಿಲ್ಲಿಸಿ, ಸ್ಕ್ರೂಡ್ರೈವರ್ ತೆಗೆದು, ಕೆಂಪು ಫಿಲ್ಟರ್ ಬಿಚ್ಚಿ ಸೀಟಿನಡಿಗೆ ತಳ್ಳಿ, ಹಳೆಯದನ್ನು ಕೂರಿಸುತ್ತಿದ್ದೆ. ಬರುವಾಗ ಮತ್ತೆ ಅದೇ ಕೆಲಸ. ಬಸ್ಸಿಗೆ ಕಾಯುತ್ತಿದ್ದ ಒಬ್ಬ ಅಜ್ಜಿ ಮೂರನೆಯ ಸಲ ಕಂಡಾಗ, "ನಿನ್ನ ಜೀಪು ಯಾವಾಗ್ಲೂ ಇಲ್ಲೇ ಯಾಕೆ ಕೆಡ್ತದೆ ಮಗಾ? ಜಾಗ ಸರಿ ಇಲ್ಲವೋ ಏನೋ, ಒಂದು ತೆಂಗಿನಕಾಯಿ ಒಡಿ" ಅಂದಳು.

ಮೇಸ್ತ್ರಿ ಪ್ರತಿಸಲವೂ ಹಳೇ ಫಿಲ್ಟರ್ ತೆಗೆದು ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಏನೂ ಹೇಳದೆ ಹಾಗೇ ವಾಪಸು ಇಡುತ್ತಿದ್ದರು.

ಏಪ್ರಿಲಿನಲ್ಲಿ ಜೀಪು ನೀಲಿ ಹೊಗೆ ಬಿಡಲು ಶುರು ಮಾಡಿತು. ಇಂಜಿನ್ ಆಯಿಲ್ ಕುಡಿಯತೊಡಗಿತು. "ಡೀಸೆಲ್ ಕಲಬೆರಕೆ ಇರಬೇಕು ಮೇಸ್ತ್ರಿ" ಎಂದೆ. "ಇರಬಹುದು" ಎಂದರು.

ಅದೇ ತಿಂಗಳಲ್ಲಿ ಅವರ ಮಗಳಿಗೆ ಸಂಬಂಧ ಕೂಡಿಬಂತು. ಹುಡುಗ ಗಡಿಯ ಆಚೆಯವನು. ಮಾತುಕತೆಗೆ ಹುಡುಗನ ಕಡೆಯವರು ಬರುವುದು ಎಂದಾಯಿತು. "ಮೆಕ್ಯಾನಿಕ್‌ನ ಮನೆಗೆ ಬೀಗರು ಬಾಡಿಗೆ ಗಾಡೀಲಿ ಬರೋದಾ?" ಎಂದು ಮೇಸ್ತ್ರಿ ತಮ್ಮ ವ್ಯಾನಿನಲ್ಲೇ ಕರೆತರಲು ಹೊರಟರು. ಕನ್ನಡ, ಮಲಯಾಳ ಎರಡನ್ನೂ ಒಪ್ಪವಾಗಿ ಆಡುವ ಗೌರವಸ್ಥರೊಬ್ಬರು ಜೊತೆಗಿರಲಿ ಎಂದು ನನ್ನನ್ನೂ ಕೂರಿಸಿಕೊಂಡರು. ನನಗೆ ಮಲಯಾಳ ಬರುತ್ತಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿಯಿತ್ತು, ಅಷ್ಟೇ.

ಘಾಟಿ ಇಳಿಯುವಾಗ ತೊಂದರೆಯಾಗಲಿಲ್ಲ. ಬೀಗರನ್ನು ಹತ್ತಿಸಿಕೊಂಡೆವು. ಹುಡುಗ, ಅವನ ತಾಯಿ, ಚಿಕ್ಕಮ್ಮಂದಿರು, ಎಲ್ಲರಿಗಿಂತ ಮುಖ್ಯವಾಗಿ ಹುಡುಗನ ಸೋದರಮಾವ. ತಂದೆಯಿಲ್ಲದ ಹುಡುಗನಿಗೆ ಅವರ ಮಾತೇ ಕೊನೆ. ಮುಖದಲ್ಲಿ ನಗುವಿನ ಸುಳಿವಿಲ್ಲದ ಮನುಷ್ಯ. ಮಾಕುಟ್ಟದ ಚೆಕ್‌ಪೋಸ್ಟಿನಲ್ಲಿ ಚಹಾ ಕುಡಿದು ಘಾಟಿ ಹತ್ತಲು ಶುರು ಮಾಡಿದೆವು.

ನಾಲ್ಕು ತಿರುವು ಹತ್ತುವುದರೊಳಗೆ ವ್ಯಾನು ಏದುಸಿರು ಬಿಡತೊಡಗಿತು. ಮೂರನೇ ಗೇರು, ಎರಡನೆಯದು, ಒಂದನೆಯದು. ಹಿಂದೆ ಕಾಡೇ ಕಾಣದ ಹಾಗೆ ಕಪ್ಪು ಹೊಗೆ. ಸೈಕಲ್ಲಿನಲ್ಲಿ ಹಲಸಿನಹಣ್ಣು ಕಟ್ಟಿಕೊಂಡು ತಳ್ಳುತ್ತಿದ್ದವನೊಬ್ಬ ನಮ್ಮನ್ನು ದಾಟಿ ಹೋದ. ದಾಟುವಾಗ ಒಳಗೆ ಇಣುಕಿ ಮರುಕದಿಂದ ನೋಡಿದ. ಮುಂದಿನ ತಿರುವಿನಲ್ಲಿ ವ್ಯಾನು ನಿಂತೇಬಿಟ್ಟಿತು. ಜರಿ ಸೀರೆಯ ಚಿಕ್ಕಮ್ಮಂದಿರು ಇಳಿದು ರಸ್ತೆ ಬದಿಯ ಬಂಡೆಯ ಮೇಲೆ ಸಾಲಾಗಿ ಕೂತರು.

ಸೋದರಮಾವ ಹೊಗೆಯನ್ನು ನೋಡಿದರು, ಮೂಸಿದರು. ಆಗ ಗೊತ್ತಾಯಿತು, ಅವರು ಇದೇ ಘಾಟಿಯಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು. ಅರೆಬರೆ ಕನ್ನಡದಲ್ಲಿ ಕೇಳಿದರು: "ಈ ವಂಡಿಗೆ ಗಾಳಿ ಸಿಗ್ತಾ ಇಲ್ಲ. ಇದರ ಮೆಕ್ಯಾನಿಕ್ ಯಾರು?"

ಸಂಬಂಧ ಇಲ್ಲೇ ಮುರಿಯಿತು ಅಂದುಕೊಂಡೆ. ನನಗೆ ಅಭ್ಯಾಸವಾಗಿದ್ದ ಮಾತನ್ನೇ ಆಡಿದೆ: "ಡೀಸೆಲ್ ಕಲಬೆರಕೆ ಇರಬೇಕು. ಈಗೆಲ್ಲಾ ಬಂಕಿನವರನ್ನ ನಂಬೋ ಹಾಗಿಲ್ಲ."

ಮೇಸ್ತ್ರಿ ನನ್ನ ಕಡೆ ಒಮ್ಮೆ ನೋಡಿದರು.

"ಡೀಸೆಲ್ ಸರಿ ಉಂಟು," ಅಂದರು. "ಮೆಕ್ಯಾನಿಕ್ ನಾನೇ. ತಪ್ಪು ನಂದು."

ಬಾನೆಟ್ ಎತ್ತಿ, ಫಿಲ್ಟರಿನ ಡಬ್ಬ ಬಿಚ್ಚಿ, ಒಳಗೆ ಕೈ ಹಾಕಿ ಎಳೆದರು. ಬಂತು, ಬಂತು, ಬರುತ್ತಲೇ ಇತ್ತು. ಬದನೆಕಾಯಿ ಬಣ್ಣದ ಬಟ್ಟೆ. ಘಾಟಿಯಲ್ಲಿ ರಸ್ತೆ ಕೆಲಸ, ಧೂಳು ವಿಪರೀತ ಎಂದು ಕೇಳಿ, ಬೀಗರು ಕೂರುವ ಗಾಡಿಗೆ ಒಂದು ಕಣ ಮಣ್ಣೂ ಹೋಗಬಾರದೆಂದು ಫಿಲ್ಟರಿನ ಸುತ್ತ ಎರಡು ಸುತ್ತು ಬಟ್ಟೆ ಸುತ್ತಿದ್ದರಂತೆ. ಬಟ್ಟೆಯ ಕೊನೆಯಲ್ಲಿ ಲೇಸು, ಅದರ ಹಿಂದೆ ಒಂದು ಲಾಡಿ.

ಸೋದರಮಾವ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. "ಇದು... ಪಾವಾಡೆ ಅಲ್ವಾ?"

"ಹೌದು, ಒಳಲಂಗ."

"ಯಾರದ್ದು?"

ಮೇಸ್ತ್ರಿ ತಲೆ ತಗ್ಗಿಸಿ ಹೇಳಿದರು: "ಹುಡುಗಿಯ ಅಮ್ಮಂದು."

ಬಂಡೆಯ ಮೇಲಿನ ಸಾಲಿನಲ್ಲಿ ಒಬ್ಬ ಚಿಕ್ಕಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಇನ್ನೊಬ್ಬಳಿಗೆ ಆಗಲಿಲ್ಲ, ನಕ್ಕೇಬಿಟ್ಟಳು. ಹುಡುಗ ನಕ್ಕ. ಕೊನೆಗೆ ಸೋದರಮಾವ, ಆ ಕಲ್ಲು ಮುಖದ ಮನುಷ್ಯ, ವ್ಯಾನಿಗೆ ಒರಗಿಕೊಂಡು ಕಣ್ಣೀರು ಬರುವಷ್ಟು ನಕ್ಕರು. ಪಾವಾಡೆಯನ್ನು ಮಡಚಿ ಮರ್ಯಾದೆಯಿಂದ ಮೇಸ್ತ್ರಿಗೆ ಕೊಟ್ಟರು. ವ್ಯಾನು ಆಮೇಲೆ ಹೋರಿಯ ಹಾಗೆ ಘಾಟಿ ಹತ್ತಿತು. ಸೈಕಲ್ಲಿನವನನ್ನು ದಾಟುವಾಗ ಮೇಸ್ತ್ರಿ ಅಗತ್ಯಕ್ಕಿಂತ ಉದ್ದವಾಗಿ ಹಾರ್ನ್ ಹೊಡೆದರು.

ಮನೆಯಲ್ಲಿ ಊಟವಾದ ಮೇಲೆ ಸೋದರಮಾವ ಎಲ್ಲರ ಮುಂದೆ ಹೇಳಿದರು: "ಜೀವಮಾನ ಪೂರ್ತಿ ಮೆಕ್ಯಾನಿಕ್‌ಗಳನ್ನ ನೋಡಿದ್ದೇನೆ. ತಪ್ಪು ನಂದು ಅಂದವರು ಇವರೊಬ್ಬರೇ. ಈ ಮನೆಯ ಹುಡುಗಿ ನಮಗೆ ಬೇಕು." ಹುಡುಗಿಯ ಅಮ್ಮ ಪಾಯಸ ಬಡಿಸುತ್ತಾ ಸಂತೋಷದಿಂದ ನಕ್ಕರು. ಏನು ತಪ್ಪು ಅನ್ನುವುದು ಅವರಿಗೆ ಆಗಿನ್ನೂ ಗೊತ್ತಿರಲಿಲ್ಲ. ಗೊತ್ತಾದಾಗ ಮೇಸ್ತ್ರಿ ಎರಡು ದಿನ ವರ್ಕ್‌ಶಾಪಿನಲ್ಲೇ ಊಟ ಮಾಡಿದರು.

ಬೀಗರು ಹೋದ ಮೇಲೆ ನಾವಿಬ್ಬರೂ ಜಗಲಿಯಲ್ಲಿ ಕೂತಿದ್ದೆವು. ಕೊನೆಗೆ ನಾನೇ ಬಾಯಿ ಬಿಟ್ಟೆ.

"ಮೇಸ್ತ್ರಿ, ಆ ಕೆಂಪು ಫಿಲ್ಟರ್ ನಾನು ತೆಗೀಲೇ ಇಲ್ಲ. ಜೀಪು ಹುಲಿಯ ಹಾಗೆ ಉಸಿರೆಳೀತಿತ್ತು."

"ಗೊತ್ತು."

"ಯಾರು ಹೇಳಿದ್ರು?"

"ಯಾರು ಹೇಳಬೇಕು ಮಾರಾಯ್ರೆ? ಕೊಡಗಿನ ಧೂಳೆಲ್ಲಾ ಎದ್ದು ಕುಣೀತಾ ಉಂಟು, ನಿಮ್ಮ ಫಿಲ್ಟರ್ ಮಾತ್ರ ಮದುಮಗನ ಪಂಚೆಯ ಹಾಗೆ ಉಂಟು. ನಿಮ್ಮ ಜೀಪೇನು ಆಕಾಶದಲ್ಲಿ ಓಡ್ತದಾ?"

"ಮತ್ತೆ ನೀವು ಯಾಕೆ ಹೇಳ್ಲಿಲ್ಲ?"

"ಇಂಜಿನ್ ಹೋಗೋದಕ್ಕೆ ಮೊದಲು ನೀವೇ ಹೇಳ್ತೀರಿ ಅಂದ್ಕೊಂಡೆ. ಅದು ನನ್ನ ಇನ್ನೊಂದು ತಪ್ಪು."

ಮುಂದಿನ ವಾರ ಇಂಜಿನ್ ಬಿಚ್ಚಿದರು. ನನ್ನ ತೋರುಬೆರಳನ್ನು ಹಿಡಿದು ಸಿಲಿಂಡರಿನ ಒಳಗೋಡೆಯ ಮೇಲೆ ಓಡಿಸಿದರು. ಕನ್ನಡಿಯ ಹಾಗಿರಬೇಕಾದದ್ದು ಬೆಕ್ಕು ಪರಚಿದಂತಿತ್ತು. "ಇದು ನಿಮ್ಮ ಹುಲಿಯ ಉಗುರು" ಅಂದರು. ಅದನ್ನು ಸರಿ ಮಾಡುವ ತನಕ ಪ್ರತಿ ಭಾನುವಾರ ನನ್ನನ್ನು ಕೂರಿಸಿ ಬಿಡಿಭಾಗ ತೊಳೆಸಿದರು. ಕೊನೆಗೆ ಸಾದಾ ಕಾಗದದ ಫಿಲ್ಟರ್ ಕೂರಿಸುತ್ತಾ, ನನಗೋ ತಮಗೋ ತಿಳಿಯದ ಹಾಗೆ ಹೇಳಿಕೊಂಡರು: "ಉಸಿರೂ ಬೇಕು, ಮೂಗಿನ ಕೂದಲೂ ಬೇಕು. ನೀವು ಕೂದಲು ಕಿತ್ರಿ, ನಾನು ಮೂಗನ್ನೇ ಹೊಲಿದೆ."

ಹೋದ ಮಳೆಗಾಲದಲ್ಲಿ ಮೇಸ್ತ್ರಿ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಅದಾಗಿ ನಾಲ್ಕು ತಿಂಗಳಿಗೆ ನಮ್ಮ ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ಮೋಟಾರು ಸುಟ್ಟುಹೋಯಿತು. ನೀರಿನ ವಾಲ್ವ್ ತೆರೆಯದೆ ಸ್ವಿಚ್ ಹಾಕಿ, ಯಂತ್ರ ಬಿಗಿದುಕೊಳ್ಳುವಂತೆ ಮಾಡಿದವನು ನಾನು. ಯಾರೂ ನೋಡಿರಲಿಲ್ಲ. ಕೆಲಸದವರೆಲ್ಲ ವೋಲ್ಟೇಜ್ ಏರುಪೇರು ಎಂದು ತೀರ್ಮಾನಿಸಿಬಿಟ್ಟಿದ್ದರು. ಮಾಲೀಕರೂ ತಲೆಯಾಡಿಸುತ್ತಿದ್ದರು. ನಾನು ಮುಂದೆ ಬಂದು ಹೇಳಿದೆ: "ವೋಲ್ಟೇಜ್ ಸರಿ ಇತ್ತು. ತಪ್ಪು ನಂದು." ಅವರು ಚೆನ್ನಾಗಿಯೇ ಬೈದರು. ಕೆಲಸ ಉಳಿಯಿತು.

ಸಂಜೆ ಮನೆಗೆ ಹೊರಟವನು ಎಲ್ಲಿ ತಿರುಗಿಸಿದೆನೋ ಗೊತ್ತಾಗಲಿಲ್ಲ. ನೋಡಿದರೆ ಜೀಪು ಮುಚ್ಚಿದ ವರ್ಕ್‌ಶಾಪಿನ ಮುಂದೆ ನಿಂತಿದೆ. ಇಂಜಿನ್ ಆರಿಸಿದೆ. ಸದ್ದು ಕೇಳಿ ಹಿಂದಿನ ಮನೆಯಿಂದ ಅವರ ಹೆಂಡತಿ ಬಂದರು.

"ಅವರಿಗೆ ಏನೋ ಹೇಳೋದಕ್ಕೆ ಬಂದ್ರಲ್ಲ?" ಎಂದು ಕೇಳಿದರು.

ಹೌದೆಂದು ತಲೆಯಾಡಿಸಿದೆ.

"ಇಳೀರಿ. ಕಾಫಿ ಇಡ್ತೇನೆ, ನನಗೆ ಹೇಳಿ."

ಇಳಿದೆ.