ಚಕ್ರದಕ್ಕನ ಅವಸರದ ಮಾತು

ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಹಿರಿಯ ನರ್ಸಿಗೆ ಎಲ್ಲರೂ ಇಟ್ಟ ಹೆಸರು ಚಕ್ರದಕ್ಕ. ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಓಡಾಡುವ ಹೆಂಗಸು. ಅವಳು ಕುರ್ಚಿಯಲ್ಲಿ ಕೂತದ್ದನ್ನು ಕಂಡವರಿಲ್ಲ. ಅವಳ ಅರ್ಧ ಲೋಟ ಚಹಾ ಯಾವಾಗಲೂ ಯಾವುದೋ ಕಿಟಕಿಯಲ್ಲಿ ಆರುತ್ತಿರುತ್ತಿತ್ತು. ಕಾಲಿಗಿಂತ ನಾಲಿಗೆಗೇ ಅವಸರ ಜಾಸ್ತಿ ಎಂದು ಗಂಡ ಛೇಡಿಸುತ್ತಿದ್ದ. ಸುಳ್ಳೇನಲ್ಲ.

ಹುಟ್ಟಿದ ಮರುದಿನವೇ ಫಿಟ್ಸ್ ಶುರುವಾದ ಹೆಣ್ಣುಮಗುವೊಂದು ಬಂದಿತ್ತು. ಅದುರುವ ಕೈಯನ್ನು ಚಕ್ರದಕ್ಕ ಮೆಲ್ಲಗೆ ಹಿಡಿದು ನೋಡಿದಳು. ಬರೀ ನಡುಕವಾದರೆ ಹಿಡಿದಾಗ ನಿಲ್ಲುತ್ತದೆ. ಇದು ಹಿಡಿತದೊಳಗೂ ಜಗ್ಗುತ್ತಿತ್ತು. ಮೊದಲ ಔಷಧಿಗೆ ಫಿಟ್ಸ್ ಬಗ್ಗಲಿಲ್ಲ. ಎರಡನೆಯದು ಕೊಟ್ಟ ಮೇಲೆ ಕೈ ಸಡಿಲವಾಯಿತು. ಚಕ್ರದಕ್ಕನಿಗೆ ಹಿಡಿಸಲಾರದಷ್ಟು ಸಂತೋಷ. ಹೊರಗೆ ಬೆಂಚಿನ ತುದಿಯಲ್ಲಿದ್ದ ತಾಯಿಯ ಹತ್ತಿರ ಓಡಿದಳು.

"ನಿಂತೇಹೋಯ್ತು ನೋಡಮ್ಮ! ಇನ್ನು ಹೆದರ್ಬೇಡಿ."

ತಾಯಿ ಅತ್ತಳು, ನಕ್ಕಳು, ಊರಿಗೆಲ್ಲ ಫೋನ್ ಮಾಡಿದಳು.

ಅಷ್ಟರಲ್ಲಿ ಡಾಕ್ಟರಮ್ಮ ಮಗುವಿನ ತಲೆಗೆ ತಂತಿಗಳನ್ನು ಅಂಟಿಸಿ ಪರದೆಯಲ್ಲಿ ಮಿದುಳಿನ ಗೆರೆಗಳನ್ನು ನೋಡುತ್ತಿದ್ದರು.

"ಕೈ ಮಾತ್ರ ನಿಂತಿದೆ ಅಕ್ಕ. ಒಳಗೆ ಫಿಟ್ಸ್ ನಡೀತಾನೇ ಇದೆ."

ಹೀಗಾಗುವುದುಂಟು ಎಂದು ಹೊಸ ನರ್ಸುಗಳಿಗೆ ಪಾಠ ಹೇಳುತ್ತಿದ್ದವಳೇ ಅವಳು! ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೇರೆಯವರನ್ನು ಕಳಿಸದೆ ತಾನೇ ಹೋಗಿ ಹೇಳಿದಳು.

"ನಾನು ದುಡುಕಿಬಿಟ್ಟೆ ಅಮ್ಮ. ಇನ್ನೂ ನಿಂತಿಲ್ಲ."

ತಾಯಿ ಕೂಗಾಡಲಿಲ್ಲ. "ಇನ್ಮೇಲೆ ನಿಮ್ಮ ಮಾತನ್ನ ಹೇಗೆ ನಂಬ್ಲಿ?" ಎಂದಳಷ್ಟೆ. ಬೈದಿದ್ದರೇ ವಾಸಿ ಎನ್ನಿಸಿತು ಚಕ್ರದಕ್ಕನಿಗೆ.

ಮೂರನೆಯ ಔಷಧಿಯೂ ನೀರಲ್ಲಿ ಹೋಮವಾಯಿತು.

"ಬಿ-ಸಿಕ್ಸ್ ವಿಟಮಿನ್ ಕೊಟ್ಟು ನೋಡೋಣ," ಎಂದರು ಡಾಕ್ಟರಮ್ಮ. "ಕೆಲವು ಮಕ್ಕಳಿಗೆ ಅದೇ ಬೇಕಾಗಿರುತ್ತೆ. ಆದ್ರೆ ಉಸಿರು ನಿಲ್ಬಹುದು, ನೀವು ಪಕ್ಕ ಬಿಟ್ಟು ಕದಲ್ಬೇಡಿ."

ಕದಲಬೇಡಿ ಎಂದದ್ದು ಯಾರಿಗೆ! ಉಸಿರು ಕೊಡುವ ಚೀಲ ಹಿಡಿದು ನಿಂತವಳಿಗೆ ಕಾಲಲ್ಲಿ ಇರುವೆ ಹರಿದಂತೆ. ಮಗು ಒಮ್ಮೆ ಉಸಿರು ಮರೆಯಿತು, ಚೀಲ ಒತ್ತಿದಳು, ಮತ್ತೆ ನೆನಪಿಸಿಕೊಂಡಿತು. ಹುಚ್ಚೆದ್ದಿದ್ದ ಗೆರೆಗಳು ಒಂದೊಂದಾಗಿ ತಗ್ಗಿದವು. ಕಾಲು ಬಾಗಿಲ ಕಡೆಗೇ ಎಳೆಯಿತು. ಮಂಚದ ಕಂಬಿ ಹಿಡಿದು ನಿಂತಳು, ಹೋಗಲಿಲ್ಲ.

ಸಂಜೆಯವರೆಗೂ ಗೆರೆಗಳು ಕೆಡಲಿಲ್ಲ. ಆಗ ತಾಯಿಯನ್ನೇ ಒಳಗೆ ಕರೆತಂದಳು. ಪರದೆಯಲ್ಲಿ ತಗ್ಗಿದ ಗೆರೆಗಳನ್ನು ಬೆರಳು ಮಾಡಿ ತೋರಿಸಿದಳು. ತಾಯಿ ಮಗುವಿನ ಅಂಗೈಗೆ ಬೆರಳಿಟ್ಟಳು. ಪುಟ್ಟ ಕೈ ಅಲುಗಿತು.

"ಅಯ್ಯೋ, ಮತ್ತೆ ಬಂತು!"

ಚಕ್ರದಕ್ಕ ಮೊದಲು ಪರದೆ ನೋಡಿದಳು, ಆಮೇಲೆ ಡಾಕ್ಟರಮ್ಮನ ಮುಖ. ಆಮೇಲಷ್ಟೇ ಬಾಯಿಬಿಟ್ಟಳು.

"ಇದು ಫಿಟ್ಸ್ ಅಲ್ಲಮ್ಮ. ನಿಮ್ಮ ಬೆರಳು ಹಿಡ್ಕೊಂಡಿದಾಳೆ."

ತಾಯಿ ತಟ್ಟನೆ ನಂಬಲಿಲ್ಲ. ಅವಳೂ ಪರದೆ ನೋಡಿದಳು. ಬೆರಳನ್ನು ಮೆಲ್ಲಗೆ ಎಳೆದು ನೋಡಿದಳು. ಮಗು ಬಿಡಲಿಲ್ಲ.