ಅತ್ತೆಯ ಸೆಲ್ಲು, ನನ್ನ ಮೊಬೈಲು

ಹರಪನಹಳ್ಳಿಯಲ್ಲಿ ಹುಟ್ಟಿ ಬೆಳೆದ ನನಗೆ ಮೊಬೈಲು ಅಂದರೆ ಮೊಬೈಲೇ. ನಮ್ಮವ್ವ, ಪಕ್ಕದ ಮನೆಯವರು, ಮೆಕ್ಕೆಜೋಳದ ಮಂಡಿಯ ಹಮಾಲರು, ಎಲ್ಲರೂ ಹಾಗೇ ಅನ್ನುತ್ತಿದ್ದರು. ಅದಕ್ಕೆ ಇನ್ನೊಂದು ಹೆಸರಿದೆ ಅಂತ ಗೊತ್ತಾದದ್ದು ಮದುವೆಯಾಗಿ ಕೂಡ್ಲಿಗಿ ಕಡೆಯ ಹಳ್ಳಿಗೆ ಬಂದ ಹೊಸದರಲ್ಲಿ, ಅದೂ ತುಂಬಿದ ಬಸ್ಸಿನ ಎದುರಿಗೆ.

ಅತ್ತೆಯ ತಮ್ಮ ಸಿಂಗಪುರದಲ್ಲಿ ವೆಲ್ಡಿಂಗ್ ಕೆಲಸಕ್ಕಿದ್ದವರು, ರಜೆಗೆಂದು ಹಗರಿಬೊಮ್ಮನಹಳ್ಳಿಯ ಮನೆಗೆ ಬಂದಿದ್ದರು. ಅವರನ್ನು ನೋಡಲು ಅತ್ತೆ ಬೆಳಗಿನ ಬಸ್ಸಿಗೆ ಹೊರಟರು. ನಮ್ಮಿಬ್ಬರ ನಡುವೆ ಆಗಿನ್ನೂ ಮಾತು ಅಷ್ಟಕ್ಕಷ್ಟೆ. ಜಗಳವೇನಿಲ್ಲ. ಅವರು "ಉಂಡಿಯೇನವ್ವ?" ಅಂದರೆ ನಾನು "ಹೂನ್ರಿ" ಅನ್ನುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಅವರ ಕೈಚೀಲ ಹಿಡಿದು ಬಸ್ಸಿನ ತನಕ ಹೋದೆ. ಸೀಟು ಹಿಡಿದು ಕೂತವರು ಸೊಂಟ ತಡಕಿ, ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು:

"ಅಯ್ಯ, ನನ್ನ ಸೆಲ್ಲು ಬಿಟ್ಟು ಬಂದೀನಿ! ಗ್ವಾಡಿ ಗೂಡಿನಾಗ ಐತಿ, ಓಡಿಹೋಗಿ ತಗೊಂಬಾ!"

"ಲಗೂನ ಬರ್ರಿ ಅಕ್ಕಾರ" ಅಂದ ಕಂಡಕ್ಟರ್. ನಾನು ಸೀರೆ ಎತ್ತಿ ಕಟ್ಟಿ ಓಡಿದೆ. ಗೋಡೆಯ ಗೂಡಿನಲ್ಲಿ ಅತ್ತೆಯ ಕೀಪ್ಯಾಡ್ ಮೊಬೈಲಿತ್ತು, ಅದರ ಹಿಂದೆ ಒಂದು ಹಳೇ ಟಾರ್ಚು. ಮೊಬೈಲನ್ನು ಜೋಪಾನವಾಗಿ ಪಕ್ಕಕ್ಕೆ ಸರಿಸಿ ಟಾರ್ಚು ತೆಗೆದೆ. ತಮ್ಮನ ಮನೆಯ ಟಾರ್ಚಿಗೆ ಬೇಕಿರಬಹುದು, ಹೊಸ ಸೊಸೆ ನಾನ್ಯಾಕೆ ಕೇಳಲಿ? ತಿರುಪು ಬಿಚ್ಚಿ, ದಪ್ಪನೆಯ ಎರಡು ಸೆಲ್ಲು ಅಂಗೈಗೆ ಸುರಿದುಕೊಂಡು ಓಡಿಬಂದು ಕಿಟಕಿಯಲ್ಲಿ ಕೊಟ್ಟೆ.

ಅತ್ತೆ ಅವನ್ನು ನೋಡಿದರು, ನನ್ನನ್ನು ನೋಡಿದರು.

"ಇವನ್ನ ಕಿವಿಗಿಟ್ಕಂಡು ಮಾತಾಡ್ಲೇನವ್ವ?"

ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರ್ ನಗುತ್ತಲೇ ಸೀಟಿ ಊದಿದ.

ನನ್ನ ಗಂಡನಿಗೆ ಹೇಳಿದರೆ ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. "ನಮ್ಮ ಕಡೆ ತೆಲುಗರ ಗಾಳಿ ಜಾಸ್ತಿ. ಅವರು ಸೆಲ್ಲು ಅಂತಾರ, ನಾವೂ ಅಂತೀವಿ. ಟಾರ್ಚಿನಾಗ ಹಾಕೋದು ಶೆಲ್ಲು. ಸೆಲ್ಲು ಬ್ಯಾರೆ, ಶೆಲ್ಲು ಬ್ಯಾರೆ." ನನ್ನ ಕಿವಿಗೆ ಎರಡೂ ಒಂದೇ ಆಗಿದ್ದವು.

ಮರುದಿನ ಮೊಬೈಲು ಹಿಡಿದು ನಾನೇ ಹಗರಿಬೊಮ್ಮನಹಳ್ಳಿಗೆ ಹೋದೆ. ಅಷ್ಟರಲ್ಲಿ ಅತ್ತೆ ಸುದ್ದಿಯನ್ನು ಓಣಿಗೆಲ್ಲ ಹಂಚಿಯಾಗಿತ್ತು. ಸಿಂಗಪುರದ ಮಾವ ಬಾಗಿಲಲ್ಲೇ ಕೇಳಿದರು:

"ಬಾರವ್ವ, ನಿಮ್ಮತ್ತಿ ಹ್ಯಾಂಡ್‌ಫೋನು ತಂದಿಯೇನು?"

ಮತ್ತೇನು ಬಿಟ್ಟು ಬಂದೆನೋ ಅಂತ ನಾನು ಕೈಚೀಲ ತಡಕಿದೆ. ಸಿಂಗಪುರದಲ್ಲಿ ಮೊಬೈಲಿಗೆ ಎಲ್ಲರೂ ಹಾಗೇ ಅನ್ನುತ್ತಾರಂತೆ. ಅತ್ತೆ ಬಿಡಲಿಲ್ಲ.

"ಹ್ಯಾಂಡಂದ್ರ ಕೈ ಅಲ್ಲೇನಲೇ? ಮತ್ತ ಕಾಲಾಗ ಹಿಡ್ಕಂಡು ಯಾರರ ಮಾತಾಡ್ತಾರೇನು? ಹಂಗಾರ ಟೊಪಗಿಗೆ ತಲಿಟೊಪಗಿ ಅನ್ನು!"

"ನಿನ್ನ ಸೆಲ್ಲು ಅಂದ್ರ ಇಂಗ್ಲಿಷಿನಾಗ ಜೈಲಿನ ಖೋಲಿ, ಗೊತ್ತೇನು?" ಅಂದರು ಮಾವ.

ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು. "ಡಿಗ್ರಿ ಓದೀದಿ, ನೀನ ಹೇಳು. ಯಾವುದು ಖರೆ?"

ಯಾರ ಪರ ನಿಂತರೂ ಕಷ್ಟವೇ. "ನಂಗೆ ಮೊಬೈಲು ಅನ್ನೋದೊಂದೇ ಗೊತ್ತು ರೀ. ಅದಕ್ಕೇ ನಿನ್ನೆ ಹಂಗಾತು" ಅಂದೆ.

ಅತ್ತೆ ಬಾಯಲ್ಲಿದ್ದ ಮಂಡಕ್ಕಿ ಸಿಡಿಯುವಂತೆ ನಕ್ಕರು. ನನಗೂ ತಡೆಯಲಾಗಲಿಲ್ಲ. ನಾವಿಬ್ಬರೂ ಕೂಡಿ ನಕ್ಕದ್ದು ಅದೇ ಮೊದಲು.

ಸಂಜೆ ಒಟ್ಟಿಗೆ ಊರಿನ ಬಸ್ಸು ಹತ್ತಿದೆವು. ಮುಂದಿನ ಸೀಟಿನಲ್ಲಿ ಹಡಗಲಿ ಕಡೆಯ ಹೆಂಗಸೊಬ್ಬಳು ಕೂತಿದ್ದಳು. ಹಿಂದಕ್ಕೆ ತಿರುಗಿ, "ಅಕ್ಕಾರ, ನಿಮ್ಮ ಸೆಟ್ಟು ಒಂಚೂರು ಕೊಡ್ರಿ" ಅಂದಳು. ನನ್ನ ಕೈ ತಾನಾಗಿ ಕೊರಳಿಗೆ ಹೋಯಿತು. ಅಲ್ಲಿದ್ದದ್ದು ಮದುವೆಯ ಬಂಗಾರದ ಸೆಟ್ಟು! ಮುಖ ನೋಡಿದರೆ ಒಳ್ಳೆಯವಳಂತಿದ್ದಾಳೆ, ಆದರೂ ಕೇಳುವುದೆಂದರೆ ಏನು?

ಅತ್ತೆ ಮೊಣಕೈಯಿಂದ ತಿವಿದು, ಕಿವಿಯಲ್ಲಿ ಹೇಳಿದರು: "ಕೊರಳು ಬಿಡು. ಆಕಿ ಹ್ಯಾಂಡ್‌ಸೆಟ್ಟು ಕೇಳಾಕತ್ತಾಳ. ನಿನ್ನ ಮೊಬಾಯಿಲು."

ಉಚ್ಚಾರ ಸ್ವಲ್ಪ ಸೊಟ್ಟಗಿತ್ತು, ಆದರೂ ಅದು ನನ್ನ ಮಾತು. ಕೊಟ್ಟೆ. ಆ ಹೆಂಗಸು ಕೊಟ್ಟೂರು ಬರುವ ತನಕ ಗಂಡನನ್ನು ಬೈದಳು. ನಾವು ಅತ್ತೆ-ಸೊಸೆ ತಲೆಗೆ ತಲೆ ಹಚ್ಚಿ ಒಂದು ಮಾತೂ ಬಿಡದೆ ಕೇಳಿಸಿಕೊಂಡೆವು.